ನಗರಮಧ್ಯದ ಪಾನಗೃಹ: ಕಲೋನಿನ ಬ್ರೌಹೌಸ್‌ಗಳ ಸೊಗಸು ಮತ್ತು ತೊಡಕು

ಜರ್ಮನಿಗೆ ಹೊಸದಾಗಿ ಬಂದು ಕೆಲಸಕ್ಕೆ ಸೇರಿದ ಕನ್ನಡಿಗರು ಮೊದಲ ಕೆಲವು ವಾರಗಳಲ್ಲಿಯೇ ಒಂದು ಪ್ರಶ್ನೆಯನ್ನು ಎದುರಿಸುತ್ತಾರೆ. ಸಂಜೆ ಕೆಲಸ ಮುಗಿದ ಮೇಲೆ ಸಹೋದ್ಯೋಗಿಗಳೆಲ್ಲ ಊರ ನಡುವಿನ ಒಂದು ಪಾನಗೃಹಕ್ಕೆ ಹೊರಡುತ್ತಾರೆ; ‘ನೀವೂ ಬರುತ್ತೀರಿ ತಾನೆ?’ ಎಂದು ಕರೆಯುತ್ತಾರೆ. ಹೋಗಬೇಕೆ, ಬೇಡವೆ? ಹೋದರೆ ಏನನ್ನು ಕುಡಿಯಬೇಕು? ಬಿಟ್ಟರೆ ಏನನ್ನು ಕಳೆದುಕೊಳ್ಳುತ್ತೇವೆ? ಕುಡಿಯುವವರಿಗೂ ಕುಡಿಯದವರಿಗೂ ಈ ಪ್ರಶ್ನೆ ಸಮಾನವಾಗಿ ಎದುರಾಗುತ್ತದೆ.

ಈ ವಿಷಯವನ್ನು ವಿಚಾರ ಮಾಡಲು ನಮ್ಮ ಭಾಷೆ ಒದಗಿಸುವ ಮಾತುಗಳು ಹೆಚ್ಚು ಸಹಾಯಕವಾಗಿಲ್ಲ. ಪಡಖಾನೆ, ಗಡಂಗು, ಹೆಂಡದಂಗಡಿ, ಸಾರಾಯಿ ಅಂಗಡಿ ಎಂಬ ಪದಗಳೆಲ್ಲವೂ ಒಂದು ಕಳಂಕವನ್ನು ಹೊತ್ತುಕೊಂಡೇ ಬರುತ್ತವೆ. ಅವು ಊರ ಅಂಚಿನಲ್ಲಿರುವ, ಗಂಡಸರು ಮಾತ್ರ ಮುಖ ತಪ್ಪಿಸಿಕೊಂಡು ಹೋಗುವ, ದಿನಗೂಲಿಯನ್ನು ನುಂಗುವ ಜಾಗಗಳ ಹೆಸರುಗಳು. ಜಿ.ಪಿ. ರಾಜರತ್ನಂ ಅವರ ಹೆಂಡಗುಡುಕ ರತ್ನನನ್ನು ನಾವು ಪ್ರೀತಿಸಿದರೂ ಅವನು ಕುಡಿಯುವ ಜಾಗವನ್ನು ಪ್ರೀತಿಸಲಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದಾಗ ಅನೇಕ ಕುಟುಂಬಗಳು ನೆಮ್ಮದಿಯ ನಿಟ್ಟುಸಿರು ಬಿಟ್ಟವು. ಹೀಗಾಗಿ ನಮ್ಮ ಮನಸ್ಸಿನಲ್ಲಿ ಪ್ರಶ್ನೆ ಏಳುವುದು ‘ಕುಡಿಯಬಹುದೆ, ಬಾರದೆ’ ಎಂಬ ರೂಪದಲ್ಲಿ. ಜರ್ಮನಿಯ ಊರುಗಳಲ್ಲಾದರೋ ಅದು ‘ಜೊತೆಗೆ ಕೂರುವಿರಾ, ಇಲ್ಲವೆ’ ಎಂಬ ರೂಪದಲ್ಲಿ ಬರುತ್ತದೆ. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಅವುಗಳನ್ನು ಬಿಡಿಸಿ ನೋಡಲು ರೈನ್ ನದಿಯ ದಂಡೆಯ ಕಲೋನ್ ನಗರದ ಬ್ರೌಹೌಸ್‌ಗಳು ಒಳ್ಳೆಯ ಉದಾಹರಣೆ. ಈ ಮನೆಗಳಲ್ಲಿ ನಮ್ಮನ್ನು ಸೆಳೆಯುವ ಗುಣಗಳು ಯಾವುವೋ ಹಾನಿ ಮಾಡುವ ಗುಣಗಳೂ ಅವೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಬ್ರೌಹೌಸ್ ಎಂದರೇನು?

ಜರ್ಮನ್ ಭಾಷೆಯಲ್ಲಿ ‘ಬ್ರೌಹೌಸ್’ ಎಂದರೆ ಬಿಯರ್ ತಯಾರಿಸುವ ಮನೆ. ಹಿಂದೆ ತಯಾರಿಸುವ ಜಾಗದಲ್ಲಿಯೇ ಬಡಿಸುತ್ತಿದ್ದರು; ಇಂದು ಬಹುಪಾಲು ತಯಾರಿಕೆ ಊರಾಚೆಯ ಕಾರ್ಖಾನೆಗಳಿಗೆ ಹೋಗಿದ್ದರೂ ಹೆಸರು ಉಳಿದಿದೆ. ಕಲೋನಿನ ಜಗತ್ಪ್ರಸಿದ್ಧ ಕಥೀಡ್ರಲ್‌ನ ನೆರಳಿನಲ್ಲಿಯೇ ಇರುವ ‘ಫ್ರೂ ಆಮ್ ಡೋಮ್’ 1904ರಲ್ಲಿ ಆರಂಭವಾದದ್ದು. ಫ್ರೀಸನ್ ಬೀದಿಯ ‘ಪೆಫ್ಗನ್’ 1883ರದು. ಹಾಯ್‌ಮಾರ್ಕ್ಟ್ ಚೌಕದ ಬಳಿಯ ‘ಮಾಲ್ಟ್ಸ್‌ಮ್ಯೂಲೆ’ 1858ರದು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಕಲೋನಿನ ಹಳೆಯ ಪೇಟೆ ಬಹುತೇಕ ನೆಲಸಮವಾಯಿತು. ಮತ್ತೆ ಕಟ್ಟಿದ ಊರಿನಲ್ಲಿ ಈ ಮನೆಗಳೂ ಮತ್ತೆ ತಲೆ ಎತ್ತಿದವು.

ಇಲ್ಲಿ ಬಡಿಸುವ ಬಿಯರ್‌ನ ಹೆಸರು ‘ಕ್ಯೋಲ್ಶ್’. ಊರಿನ ಆಡುಮಾತಿಗೂ ಅದೇ ಹೆಸರು. ತಾವು ಕುಡಿಯುವುದನ್ನೇ ಮಾತನಾಡುವ ಜನ ತಾವೊಬ್ಬರೇ ಎಂದು ಕಲೋನಿಗರು ಹಾಸ್ಯ ಮಾಡಿಕೊಳ್ಳುತ್ತಾರೆ. ತಿಳಿಬಣ್ಣದ, ಸೋಸಿದ, ಮೇಲ್ಪದರದಲ್ಲಿ ಹುದುಗುವ ಯೀಸ್ಟಿನಿಂದ ತಯಾರಾದ ಬಿಯರ್ ಇದು. ಅದರಲ್ಲಿರುವ ಮದ್ಯಸಾರ ಸುಮಾರು ಶೇ. 4.8. ಯಾವುದನ್ನು ಈ ಹೆಸರಿನಿಂದ ಕರೆಯಬಹುದೆಂಬುದನ್ನು 1980ರ ದಶಕದ ಮಧ್ಯದಲ್ಲಿ 24 ತಯಾರಕರು ಒಪ್ಪಂದದ ಮೂಲಕ ನಿಗದಿಪಡಿಸಿದರು. 1997ರಿಂದ ಐರೋಪ್ಯ ಒಕ್ಕೂಟವೂ ಈ ಹೆಸರಿಗೆ ಭೌಗೋಳಿಕ ರಕ್ಷಣೆ ನೀಡಿದೆ. ನಮ್ಮ ಮೈಸೂರು ವೀಳ್ಯದೆಲೆಗೂ ನಂಜನಗೂಡಿನ ರಸಬಾಳೆಗೂ ದೊರೆತಿರುವ ಮಾನ್ಯತೆಯಂಥದೇ ಇದು.

ಬ್ರೌಹೌಸಿನ ಒಳಗೆ ಉದ್ದನೆಯ, ಬರಿ ಮರದ ಮೇಜುಗಳಿರುತ್ತವೆ. ಜಾಗ ಖಾಲಿಯಿದ್ದಲ್ಲಿ ‘ಇಲ್ಲಿ ಕೂರಬಹುದೆ?’ ಎಂದು ಕೇಳಿ ಅಪರಿಚಿತರ ಪಕ್ಕದಲ್ಲಿಯೇ ಕೂರುವುದು ವಾಡಿಕೆ. ವಕೀಲರು, ಗಾರೆ ಕೆಲಸದವರು, ಚರ್ಚಿನಿಂದ ಬಂದ ಅಜ್ಜಿ, ಪ್ರವಾಸಿಗಳು, ಮಗುವನ್ನು ಎತ್ತಿಕೊಂಡ ದಂಪತಿಗಳು ಒಂದೇ ಮೇಜಿನಲ್ಲಿ ಊಟ ಮಾಡುತ್ತಿರುತ್ತಾರೆ. ಬಡಿಸುವವನನ್ನು ‘ಕ್ಯೋಬೆಸ್’ ಎನ್ನುತ್ತಾರೆ. ಯಾಕೋಬ್ ಎಂಬ ಹೆಸರಿನ ಸ್ಥಳೀಯ ರೂಪ ಇದು. ನೀಲಿ ಅಂಗಿ, ಉದ್ದನೆಯ ಏಪ್ರನ್, ಸೊಂಟದಲ್ಲಿ ಚರ್ಮದ ಹಣದ ಚೀಲ ಅವನ ವೇಷ. ಗಿರಾಕಿಯನ್ನು ಓಲೈಸದೆ ಕೊಂಚ ಒರಟಾಗಿ, ವಿನೋದವಾಗಿ ಮಾತನಾಡುವುದು ಅವನ ಹಕ್ಕು. ನೀರು ಕೇಳಿದವರಿಗೆ ‘ಸೋಪೂ ಬೇಕೆ?’ ಎಂದು ಕೇಳಿದರೆ ಅದು ಅವಮಾನವಲ್ಲ, ಆಟದ ಒಂದು ಭಾಗ. ಹೊಸಬರು ಇದನ್ನು ತಿಳಿದಿರುವುದು ಒಳ್ಳೆಯದು.

ಕೇಳದೆ ಬರುವ ಲೋಟ

ಕ್ಯೋಲ್ಶ್ ಬಡಿಸುವ ಲೋಟ ಸಪೂರವಾಗಿ, ನೀಳವಾಗಿ ಇರುತ್ತದೆ. ಅದರಲ್ಲಿ ಹಿಡಿಯುವುದು 0.2 ಲೀಟರ್ ಮಾತ್ರ. ಈ ಬಿಯರ್ ಬೇಗನೆ ನೊರೆ ಕಳೆದುಕೊಂಡು ಸಪ್ಪೆಯಾಗುವುದರಿಂದ ಸಣ್ಣ ಲೋಟವೇ ಯೋಗ್ಯವೆಂದು ಹೇಳುತ್ತಾರೆ. ಕ್ಯೋಬೆಸ್ ಒಂದು ಹಿಡಿಯುಳ್ಳ ದುಂಡನೆಯ ತಟ್ಟೆಯಲ್ಲಿ ತುಂಬಿದ ಲೋಟಗಳನ್ನು ಜೋಡಿಸಿಕೊಂಡು ಮೇಜುಗಳ ನಡುವೆ ಸುತ್ತುತ್ತಲೇ ಇರುತ್ತಾನೆ. ನಿಮ್ಮ ಲೋಟ ಬರಿದಾದೊಡನೆ, ನೀವು ಕೇಳದಿದ್ದರೂ, ಹೊಸದನ್ನು ಇಟ್ಟು ಕೆಳಗಿನ ಬಿರಡೆಕಲ್ ಮೇಲೆ, ಅಂದರೆ ಲೋಟದಡಿಯ ರಟ್ಟಿನ ಬಿಲ್ಲೆಯ ಮೇಲೆ, ಪೆನ್ಸಿಲಿನಿಂದ ಒಂದು ಗೀಟು ಎಳೆದು ಮುಂದೆ ಸಾಗುತ್ತಾನೆ. ಮುಗಿಯಿತು ಎನ್ನುವುದಾದರೆ ಆ ಬಿಲ್ಲೆಯನ್ನು ಲೋಟದ ಮೇಲೆ ಮುಚ್ಚಬೇಕು. ಅದಾಗುವ ತನಕ ಸರಬರಾಜು ನಿಲ್ಲುವುದಿಲ್ಲ.

ನಮಗೆ ಇದು ಹೊಸದೇನಲ್ಲ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರು ಯಾರೂ ‘ಇನ್ನೊಂದು ಹೋಳಿಗೆ ಕೊಡಿ’ ಎಂದು ಕೇಳುವುದಿಲ್ಲ. ಬಡಿಸುವವರು ಬರುತ್ತಲೇ ಇರುತ್ತಾರೆ. ಬೇಡವಾದವರು ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿಯಬೇಕು. ಹಾಗೆ ಹಿಡಿಯುವುದು ಎಷ್ಟು ಕಷ್ಟವೆಂಬುದನ್ನು ಬಲ್ಲವರೇ ಬಲ್ಲರು. ಕೇಳುವ ಶ್ರಮವಿಲ್ಲದೆ ಸಿಗುವುದನ್ನು ಮನುಷ್ಯ ಹೆಚ್ಚು ತಿನ್ನುತ್ತಾನೆ, ಹೆಚ್ಚು ಕುಡಿಯುತ್ತಾನೆ. ಬೇರೆ ಕಡೆಗಳಲ್ಲಿ ಪ್ರತಿ ಲೋಟವೂ ಒಂದೊಂದು ನಿರ್ಧಾರ. ಬ್ರೌಹೌಸಿನಲ್ಲಾದರೆ ನಿಲ್ಲಿಸುವುದೊಂದೇ ನಿರ್ಧಾರ. ಅದನ್ನು ಮಾಡಬೇಕಾದ ಹೊತ್ತಿಗೆ ನಿರ್ಧರಿಸುವ ಮಿದುಳಿನ ಭಾಗವೇ ಮಂದವಾಗತೊಡಗಿರುತ್ತದೆ. ಈ ಪದ್ಧತಿಯ ಆತಿಥ್ಯವೂ ಅಪಾಯವೂ ಇಲ್ಲಿಯೇ ಇವೆ.

ಜನ ಏಕೆ ಹೋಗುತ್ತಾರೆ?

ಕುಡಿತವೊಂದೇ ಉದ್ದೇಶವಾಗಿದ್ದರೆ ಅಂಗಡಿಯಿಂದ ಸೀಸೆ ತಂದು ಮನೆಯಲ್ಲಿ ಕುಡಿಯುವುದು ಎಷ್ಟೋ ಅಗ್ಗ. ಆದರೂ ಜನ ಊರ ನಡುವಿಗೆ ಬರುತ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರ ತಮ್ಮ ಪುಸ್ತಕದಲ್ಲಿ ಇಂಥ ಜಾಗಗಳನ್ನು ‘ಮೂರನೆಯ ಸ್ಥಳ’ ಎಂದು ಕರೆದರು. ಮನೆ ಮೊದಲನೆಯದು, ಕೆಲಸದ ಜಾಗ ಎರಡನೆಯದು. ಇವೆರಡರ ಹೊಣೆಗಳಿಂದ ಬಿಡುಗಡೆಯಾಗಿ, ಅಂತಸ್ತನ್ನು ಹೊರಗೆ ಬಿಟ್ಟು, ಮಾತಿಗಾಗಿಯೇ ಸೇರುವ ಜಾಗ ಮೂರನೆಯದು. ನಮ್ಮ ಅರಳಿಕಟ್ಟೆ, ಮನೆಯ ಜಗಲಿ, ಕ್ಷೌರದಂಗಡಿಯ ಬೆಂಚು, ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ ಇವೆಲ್ಲವೂ ಮೂರನೆಯ ಸ್ಥಳಗಳೇ. ಅರ್ಧ ಲೋಟದ ‘ಬೈ-ಟು’ ಕಾಫಿಗೆ ಒಂದು ಗಂಟೆ ಹರಟುವ ನಮ್ಮವರು ಕೊಳ್ಳುವುದು ಕಾಫಿಯನ್ನಲ್ಲ, ಕೂರುವ ಹಕ್ಕನ್ನು.

ಪರದೇಶದಲ್ಲಿರುವ ನಮಗೆ ಇಲ್ಲದಿರುವುದು ಈ ಮೂರನೆಯ ಸ್ಥಳವೇ. ಮನೆಯಿದೆ, ಕೆಲಸವಿದೆ, ನಡುವೆ ರೈಲು ಮಾತ್ರ ಇದೆ. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕೂವರೆಗೆ ಕತ್ತಲಾಗುವ ದೇಶದಲ್ಲಿ, ಬೆಳಕೂ ಬೆಚ್ಚನೆಯ ಗಾಳಿಯೂ ಮನುಷ್ಯರ ಸದ್ದೂ ತುಂಬಿದ ಒಂದು ಹಜಾರ ಎಷ್ಟು ಸಮಾಧಾನ ನೀಡಬಲ್ಲದೆಂಬುದನ್ನು ಒಂಟಿಯಾಗಿ ಬಾಳುವವರು ಅರಿಯಬಲ್ಲರು. ಒಂಟಿತನವು ಹೃದ್ರೋಗಕ್ಕೂ ಖಿನ್ನತೆಗೂ ಸಂಬಂಧಪಟ್ಟದ್ದೆಂದು ವೈದ್ಯಶಾಸ್ತ್ರ ಇಂದು ಒಪ್ಪುತ್ತದೆ. ಆದ್ದರಿಂದ ‘ಹೋಗಲೇಬೇಡಿ’ ಎಂಬ ಸಲಹೆಗೂ ಒಂದು ಬೆಲೆಯಿದೆ ಎಂಬುದನ್ನು ವೈದ್ಯರಾದವರು ಮರೆಯಬಾರದು.

ಕೆಲವು ಹೊರಗಿನ ಅನುಕೂಲಗಳೂ ಇವೆ. ಕಲೋನ್ ಇರುವ ನಾರ್ಡ್‌ರೈನ್-ವೆಸ್ಟ್‌ಫಾಲೆನ್ ರಾಜ್ಯದಲ್ಲಿ 2013ರ ಮೇ 1ರಿಂದ ಪಾನಗೃಹಗಳ ಒಳಗೆ ಧೂಮಪಾನಕ್ಕೆ ನಿಷೇಧವಿದೆ. ಹಿಂದಿನಂತೆ ಕಣ್ಣುರಿಯುವ ಹೊಗೆ ಇಲ್ಲ. ಊರ ನಡುವೆ ಇರುವುದರಿಂದ ಮುಖ್ಯ ರೈಲು ನಿಲ್ದಾಣ ನಡಿಗೆಯ ದೂರದಲ್ಲಿರುತ್ತದೆ, ಕಾರಿನ ಹಂಗಿಲ್ಲ. ಸಸ್ಯಾಹಾರಿಗಳಿಗೂ ಏನಾದರೂ ಸಿಗುತ್ತದೆ. ‘ಹಾಲ್ವೆ ಹಾನ್’ ಎಂದರೆ ಶಬ್ದಾರ್ಥದಲ್ಲಿ ಅರ್ಧ ಹುಂಜ. ಆದರೆ ತಟ್ಟೆಯಲ್ಲಿ ಬರುವುದು ರೈ ಧಾನ್ಯದ ಬನ್ನು, ದಪ್ಪನೆಯ ಚೀಸ್ ಹೋಳು, ಸಾಸಿವೆ, ಈರುಳ್ಳಿ. ಇದಕ್ಕೆ ವಿರುದ್ಧವಾಗಿ ‘ಕ್ಯೋಲ್ಶೆ ಕವಿಯಾರ್’ ಎಂಬುದು ಮೀನಿನ ಮೊಟ್ಟೆಯಲ್ಲ, ಹಂದಿಯ ರಕ್ತದಿಂದ ಮಾಡಿದ ಸಾಸೇಜು. ‘ಹಿಮ್ಮೆಲ್ ಉನ್ ಎಯ್ಡ್’ ಎಂಬ ಆಲೂಗಡ್ಡೆ ಮತ್ತು ಸೇಬಿನ ತಿನಿಸಿನ ಜೊತೆಗೂ ಸಾಮಾನ್ಯವಾಗಿ ಅದನ್ನೇ ಇಡುತ್ತಾರೆ. ಹೆಸರನ್ನು ನಂಬದೆ ವಿಚಾರಿಸಿ ತರಿಸಿಕೊಳ್ಳುವುದು ಕ್ಷೇಮ.

ಗದ್ದಲದಲ್ಲಿ ಭಾಷೆ

ಈ ಹಜಾರಗಳ ಜೀವಂತಿಕೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಶಬ್ದ. ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್. ತುಂಬಿದ ಪಾನಗೃಹದಲ್ಲಿ ಅದು 80ನ್ನು ದಾಟುವುದು ಅಪರೂಪವಲ್ಲ. ದಿನವಿಡೀ 80 ಡೆಸಿಬೆಲ್ ಶಬ್ದದಲ್ಲಿ ದುಡಿಯುವವರಿಗೆ ಶ್ರವಣ ರಕ್ಷಣೆಯನ್ನು ಒದಗಿಸಬೇಕೆಂದೂ 85ನ್ನು ಮುಟ್ಟಿದರೆ ಅದನ್ನು ಧರಿಸುವುದು ಕಡ್ಡಾಯವೆಂದೂ ಜರ್ಮನಿಯ ಕಾರ್ಮಿಕ ನಿಯಮಗಳು ಹೇಳುತ್ತವೆ. ಒಂದು ಸಂಜೆಯ ಗಿರಾಕಿಗಿಂತ ವರ್ಷಗಟ್ಟಲೆ ಅಲ್ಲಿ ದುಡಿಯುವವರ ಕಿವಿಗೆ ಹೆಚ್ಚಿನ ಅಪಾಯ.

ಶಬ್ದ ತಾನಾಗಿಯೇ ಏರುವುದಕ್ಕೆ ಒಂದು ಕಾರಣವಿದೆ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎತ್ಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸಬೇಕು. ಅದನ್ನು ಮೀರಲು ಮೊದಲಿನವರು ಮತ್ತೆ ಏರಿಸಬೇಕು. ಗೋಡೆ, ನೆಲ, ಮೇಜುಗಳೆಲ್ಲ ಗಡಸಾಗಿದ್ದು ಶಬ್ದವನ್ನು ಹೀರದಿರುವುದರಿಂದ ಈ ಪೈಪೋಟಿ ಇನ್ನಷ್ಟು ಬೆಳೆಯುತ್ತದೆ.

ಗದ್ದಲದ ನಡುವೆ ಒಬ್ಬರ ಮಾತನ್ನು ಮಾತ್ರ ಆರಿಸಿ ಕೇಳುವ ಶಕ್ತಿ ಮಿದುಳಿಗಿದೆ. ಕಾಲಿನ್ ಚೆರಿ ಎಂಬ ವಿಜ್ಞಾನಿ 1953ರಲ್ಲಿ ಈ ಕುರಿತು ಪ್ರಯೋಗಗಳನ್ನು ಪ್ರಕಟಿಸಿದರು. ಮಾತೃಭಾಷೆಯಲ್ಲಿ ಈ ಶಕ್ತಿ ಚೆನ್ನಾಗಿ ಕೆಲಸ ಮಾಡುತ್ತದೆ. ಅರ್ಧ ಪದ ಕಿವಿಗೆ ಬಿದ್ದರೂ ಉಳಿದರ್ಧವನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ ಈ ಊಹೆ ಸೋಲುತ್ತದೆ. ಬಿ-2 ಹಂತದ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕಚೇರಿಯ ಸಭೆಗಳಲ್ಲಿ ಲೀಲಾಜಾಲವಾಗಿ ಜರ್ಮನ್ ಆಡುವವರು ಬ್ರೌಹೌಸಿನ ಮೇಜಿನಲ್ಲಿ, ಅದೂ ಸ್ಥಳೀಯ ಆಡುಮಾತಿನ ನಡುವೆ, ಅರ್ಧದಷ್ಟನ್ನೂ ಗ್ರಹಿಸಲಾರರು. ಇದು ಅವರ ದೋಷವಲ್ಲ. ಕಿವಿಯ ಮತ್ತು ಮಿದುಳಿನ ಸಹಜ ಮಿತಿ.

ನಮ್ಮ ಜನರ ವಿಷಯದಲ್ಲಿ ನಿಜವಾದ ತೊಡಕು ಇಲ್ಲಿ ಹುಟ್ಟುತ್ತದೆಂದು ನನ್ನ ಅಭಿಪ್ರಾಯ. ಮಾತು ತಿಳಿಯದವರು ನಗುತ್ತಾ ತಲೆಯಾಡಿಸುತ್ತಾರೆ. ಎಲ್ಲರೂ ನಕ್ಕಾಗ ತಾವೂ ನಗುತ್ತಾರೆ. ಬಾಯಿಗೆ ಮಾತಿನ ಕೆಲಸವಿಲ್ಲದಾಗ ಕೈ ಲೋಟದ ಕಡೆಗೆ ಹೋಗುತ್ತದೆ. ಲೋಟ ಬರಿದಾಗುತ್ತದೆ, ಕೇಳದೆಯೇ ಇನ್ನೊಂದು ಬರುತ್ತದೆ. ಮಾತಾಡುತ್ತಿರುವವರು ಎರಡು ಲೋಟ ಮುಗಿಸುವಷ್ಟರಲ್ಲಿ ಮೌನವಾಗಿ ಕುಳಿತವರು ನಾಲ್ಕು ಮುಗಿಸಿರುವುದುಂಟು. ನೋಡುವವರಿಗೆ ಅವರು ಸಂತೋಷವಾಗಿರುವಂತೆಯೇ ಕಾಣುತ್ತಾರೆ. ಸಂಗಕ್ಕಾಗಿ ಹೋದವರು ಸಂಗ ಸಿಗದೆ ಬಿಯರನ್ನು ಮಾತ್ರ ಪಡೆದು ಹಿಂದಿರುಗುತ್ತಾರೆ.

ಆಕ್ಸ್‌ಫರ್ಡಿನ ರಾಬಿನ್ ಡನ್‌ಬರ್ ಮತ್ತು ಅವರ ಸಂಗಡಿಗರು ಬ್ರಿಟನ್ನಿನ ಪಬ್‌ಗಳನ್ನು ಕುರಿತು 2016ರಲ್ಲಿ ಹೊರತಂದ ವರದಿಯೂ ಇಂಥದೇ ದಿಕ್ಕಿನಲ್ಲಿದೆ. ತಮ್ಮ ಬಡಾವಣೆಯ ಸಣ್ಣ ಪಬ್ಬಿಗೆ ನಿಯತವಾಗಿ ಹೋಗುವವರಿಗೆ ಆಪ್ತ ಸ್ನೇಹಿತರು ಹೆಚ್ಚು, ಜೀವನದ ಬಗ್ಗೆ ತೃಪ್ತಿ ಹೆಚ್ಚು ಎಂದು ಅವರು ಕಂಡರು. ನಗರಮಧ್ಯದ ದೊಡ್ಡ ಬಾರುಗಳಲ್ಲಿ ಗುಂಪುಗಳು ದೊಡ್ಡವಾಗಿದ್ದರೂ ಪರಸ್ಪರ ಗಮನ ಕಡಿಮೆ, ಸಂಭಾಷಣೆಗಳು ಚಿಕ್ಕವು. ಸಣ್ಣ ಪಬ್ಬೇ ಸ್ನೇಹಕ್ಕೆ ಕಾರಣವೋ, ಸ್ನೇಹಶೀಲರೇ ಸಣ್ಣ ಪಬ್ಬನ್ನು ಆರಿಸಿಕೊಳ್ಳುತ್ತಾರೋ ಎಂಬುದನ್ನು ಇಂಥ ಅಧ್ಯಯನ ತೀರ್ಮಾನಿಸಲಾರದು. ಆದರೂ ಜನ ಹೆಚ್ಚಿದ್ದಷ್ಟೂ ಸಂಗ ಹೆಚ್ಚು ಎಂಬ ನಮ್ಮ ಎಣಿಕೆಯನ್ನು ಅದು ಪ್ರಶ್ನಿಸುತ್ತದೆ.

ಐವತ್ತು ದಾಟಿದವರಿಗೆ ಒಂದು ಮಾತು. ವಯಸ್ಸಿನಿಂದ ಬರುವ ಕಿವುಡುತನದ ಮೊದಲ ಲಕ್ಷಣ ಅನೇಕ ವೇಳೆ ಗದ್ದಲದಲ್ಲಿ ಮಾತು ತಿಳಿಯದಿರುವುದೇ. ಮನೆಯಲ್ಲಿ ಎಲ್ಲವೂ ಸರಿಯಾಗಿ ಕೇಳಿಸುತ್ತದೆ, ಹೋಟೆಲಿನಲ್ಲಿ ಮಾತ್ರ ಕನ್ನಡವೂ ತಿಳಿಯುವುದಿಲ್ಲ ಎನ್ನುವವರು ಕಿವಿಯ ತಜ್ಞರನ್ನು ಕಾಣುವುದು ಒಳ್ಳೆಯದು.

ಗೀಟುಗಳ ಲೆಕ್ಕ

ಬಿಲ್ಲೆಯ ಮೇಲಿನ ಗೀಟುಗಳು ಹಣದ ಲೆಕ್ಕಕ್ಕೆಂದು ಇರುವುವು. ಅವನ್ನು ಅಳಿಸಿದರೆ ಜರ್ಮನ್ ಕಾನೂನಿನಲ್ಲಿ ದಸ್ತಾವೇಜು ತಿದ್ದಿದ ಅಪರಾಧವಾದೀತು. ಅವೇ ಗೀಟುಗಳಿಂದ ಆರೋಗ್ಯದ ಲೆಕ್ಕವನ್ನೂ ಮಾಡಬಹುದು. 200 ಮಿಲಿಲೀಟರ್ ಬಿಯರ್‌ನಲ್ಲಿ ಶೇ. 4.8 ಮದ್ಯಸಾರವೆಂದರೆ 9.6 ಮಿಲಿಲೀಟರ್. ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಅದರ ತೂಕ ಸುಮಾರು 7.7 ಗ್ರಾಂ. ಅಂದರೆ ಒಂದು ಗೀಟಿಗೆ ಹೆಚ್ಚುಕಡಿಮೆ 8 ಗ್ರಾಂ.

ಲೋಟ ಸಣ್ಣದಾದ್ದರಿಂದ ಆರು ಗೀಟುಗಳಾದರೂ ಹೆಚ್ಚೆನಿಸುವುದಿಲ್ಲ. ಅದು 1.2 ಲೀಟರ್ ಬಿಯರ್, ಸುಮಾರು 46 ಗ್ರಾಂ ಮದ್ಯಸಾರ. ಸ್ವೀಡನ್ನಿನ ಎರಿಕ್ ವಿಡ್ಮಾರ್ಕ್ ರೂಪಿಸಿದ ಸೂತ್ರದಂತೆ 75 ಕಿಲೋ ತೂಕದ ಗಂಡಸಿನ ರಕ್ತದಲ್ಲಿ ಇದು ಪ್ರತಿ ಸಾವಿರಕ್ಕೆ ಸುಮಾರು 0.9 ಅಂಶವನ್ನೂ 60 ಕಿಲೋ ತೂಕದ ಹೆಂಗಸಿನಲ್ಲಿ ಸುಮಾರು 1.3 ಅಂಶವನ್ನೂ ಮುಟ್ಟಬಲ್ಲದು. ಹೆಂಗಸರ ಶರೀರದಲ್ಲಿ ನೀರಿನ ಪಾಲು ಕಡಿಮೆಯಿರುವುದೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಯಕೃತ್ತು ಗಂಟೆಗೆ ಸಾವಿರಕ್ಕೆ 0.1ರಿಂದ 0.2ರಷ್ಟನ್ನು ಮಾತ್ರ ಕರಗಿಸುತ್ತದೆ. ಕಾಫಿ, ತಣ್ಣೀರಿನ ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಇವಾವುವೂ ಅದರ ವೇಗವನ್ನು ಹೆಚ್ಚಿಸಲಾರವು.

ಕಾನೂನಿನ ಅಂಕಿಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಜರ್ಮನಿಯಲ್ಲಿ ಕಾರು ಓಡಿಸುವವರಿಗೆ ಮಿತಿ ಸಾವಿರಕ್ಕೆ 0.5. ಚಾಲನೆಯಲ್ಲಿ ತಪ್ಪು ಕಂಡರೆ 0.3ರಿಂದಲೇ ಶಿಕ್ಷೆಯಾಗಬಹುದು. 1.1ರಿಂದ ಮೇಲೆ ಅದು ನೇರವಾಗಿ ಅಪರಾಧ. ಇಪ್ಪತ್ತೊಂದು ವರ್ಷ ತುಂಬದವರಿಗೂ ಹೊಸ ಪರವಾನಗಿಯ ಪರೀಕ್ಷಾರ್ಥ ಅವಧಿಯಲ್ಲಿರುವವರಿಗೂ ಮದ್ಯಪಾನ ಮಾಡಿ ಚಾಲನೆ ಪೂರ್ಣ ನಿಷಿದ್ಧ. ಬಾಡಿಗೆಯ ವಿದ್ಯುತ್ ಸ್ಕೂಟರ್‌ಗಳಿಗೆ ಕಾರಿನ ನಿಯಮಗಳೇ ಅನ್ವಯಿಸುತ್ತವೆ ಎಂಬುದು ಅನೇಕರಿಗೆ ತಿಳಿಯದು. ಸೈಕಲ್ ಸವಾರರಿಗೂ 1.6ರ ಮಿತಿಯಿದೆ, ಅದನ್ನು ಮುಟ್ಟಿದವರು ವೈದ್ಯಕೀಯ-ಮಾನಸಿಕ ಪರೀಕ್ಷೆಗೆ ಒಳಗಾಗಬೇಕಾಗುತ್ತದೆ.

ದೀರ್ಘಕಾಲದ ಲೆಕ್ಕ ಇನ್ನೂ ಬಿಗಿಯಾದದ್ದು. ಮದ್ಯಪಾನ ಕ್ಯಾನ್ಸರಿಗೆ ಕಾರಣವೆಂಬುದನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ಸಾರಿತು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ ಇವು ಬಾಧಿತವಾಗುವ ಅಂಗಗಳು. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಶಾಖೆ 2023ರಲ್ಲಿ ಹೇಳಿತು. ಬೇಡವೆಂಬುದೇ ಉತ್ತಮ, ಕುಡಿಯುವವರಾದರೆ ವಾರಕ್ಕೆ 27 ಗ್ರಾಂ ಒಳಗಿದ್ದರೆ ಅಪಾಯ ಕಡಿಮೆ ಎಂಬುದು ಜರ್ಮನ್ ಪೋಷಣಾ ಸಂಘದ 2024ರ ನಿಲುವು. ಅದು ಇಡೀ ವಾರಕ್ಕೆ ಮೂರೂವರೆ ಗೀಟು. ಒಂದು ಸಂಜೆಯ ಆರು ಗೀಟುಗಳು ಎರಡು ವಾರಗಳ ಪಾಲನ್ನು ಹತ್ತಿರ ಹತ್ತಿರ ಮುಗಿಸಿಬಿಡುತ್ತವೆ.

ನಮ್ಮವರಿಗೆ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಭಾರತೀಯ ಮೂಲದವರಲ್ಲಿ ಮೈ ತೆಳ್ಳಗೆ ಕಂಡರೂ ಹೊಟ್ಟೆಯ ಒಳಗೆ ಕೊಬ್ಬು ಶೇಖರವಾಗುವುದು ಹೆಚ್ಚು. ಸಕ್ಕರೆ ಕಾಯಿಲೆಯೂ ಯಕೃತ್ತಿನ ಕೊಬ್ಬೂ ಐರೋಪ್ಯರಿಗಿಂತ ಕಡಿಮೆ ತೂಕದಲ್ಲಿ, ಕಡಿಮೆ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತವೆ. ಪಕ್ಕದಲ್ಲಿ ಕುಳಿತ ಜರ್ಮನ್ ಗೆಳೆಯನ ಲೋಟಗಳನ್ನು ಎಣಿಸಿ ನಮ್ಮದನ್ನು ನಿರ್ಧರಿಸುವುದು ಆದ್ದರಿಂದ ಸರಿಯಲ್ಲ. ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯ ವರ್ಗದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮದ್ಯಪಾನದ ನಂತರ, ವಿಶೇಷವಾಗಿ ಖಾಲಿ ಹೊಟ್ಟೆಯಲ್ಲಿ, ರಾತ್ರಿಯ ವೇಳೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಿದ್ರೆಮಾತ್ರೆ ಮತ್ತು ಕೆಲವು ಅಲರ್ಜಿ ಮಾತ್ರೆಗಳ ಜೊತೆ ಸೇರಿದರೆ ಮಂಪರು ಹಲವು ಪಟ್ಟಾಗುತ್ತದೆ. ಗರ್ಭಿಣಿಯರಿಗೆ ಒಂದು ಗುಟುಕೂ ಸಲ್ಲದು. ಕುಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯೂ ಅರ್ಧಸತ್ಯ: ಬೇಗ ನಿದ್ದೆ ಹತ್ತುತ್ತದೆ, ಆದರೆ ಇರುಳಿನ ಉತ್ತರಾರ್ಧದಲ್ಲಿ ಅದು ಚೂರುಚೂರಾಗುತ್ತದೆ.

ಗೋಡೆಯ ಆಚೆಗಿರುವವರು

ಪಾನಗೃಹದ ಸೊಗಸನ್ನು ಅನುಭವಿಸುವವರು ಒಳಗಿರುವವರು. ಬೆಲೆಯ ಒಂದು ಪಾಲನ್ನು ತೆರುವವರು ಮೇಲಿನ ಮಹಡಿಯಲ್ಲಿ ಮಲಗಿರುವವರು. ಕಲೋನಿನ ಬೆಲ್ಜಿಯನ್ ಬಡಾವಣೆಯ ಬ್ರಸೆಲರ್ ಪ್ಲಾಟ್ಸ್ ಎಂಬ ಚೌಕದಲ್ಲಿ ಬೇಸಗೆಯ ರಾತ್ರಿಗಳಲ್ಲಿ ನೂರಾರು ಜನ ಸೇರುತ್ತಿದ್ದರು. ಗದ್ದಲಕ್ಕೆ ಪಾನಗೃಹಗಳಷ್ಟೇ ಕಾರಣವಾಗಿರಲಿಲ್ಲ. ಗೂಡಂಗಡಿಯಲ್ಲಿ ಬಿಯರ್ ಕೊಂಡು ಬಯಲಿನಲ್ಲಿ ಕೂರುತ್ತಿದ್ದವರೂ ಅಷ್ಟೇ ಕಾರಣರಾಗಿದ್ದರು. ನಿದ್ದೆಗೆಟ್ಟ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ರಾತ್ರಿ 10ರ ನಂತರ ಅವರ ಆರೋಗ್ಯವನ್ನು ರಕ್ಷಿಸಲು ನಗರಾಡಳಿತ ಇನ್ನಷ್ಟು ಪರಿಣಾಮಕಾರಿ ಕ್ರಮ ಕೈಗೊಳ್ಳಬೇಕೆಂದು ಮ್ಯೂನ್‌ಸ್ಟರಿನ ಉನ್ನತ ಆಡಳಿತ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು. ಬೆಂಗಳೂರಿನ ಇಂದಿರಾನಗರ, ಕೋರಮಂಗಲಗಳ ನಿವಾಸಿಗಳು ವರ್ಷಗಳಿಂದ ಹೇಳುತ್ತ ಬಂದಿರುವ ದೂರೂ ಇದೇ. ಇರುಳಿನ ಶಬ್ದ ನಿದ್ದೆಯಲ್ಲಿರುವವರ ರಕ್ತದೊತ್ತಡವನ್ನೂ ಏರಿಸಬಲ್ಲದು. ಆದ್ದರಿಂದ ಅದು ಬರಿಯ ಕಿರಿಕಿರಿಯ ವಿಷಯವಲ್ಲ. ಹೊರಗೆ ಬಂದ ಮೇಲೆ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಮಾತು ಮುಂದುವರಿಸದಿರುವುದು ನಮ್ಮಿಂದಾಗುವ ಸಣ್ಣ ಉಪಕಾರ.

ಹೋಗುವುದಾದರೆ

ಕುಡಿಯದವರು ಮೊದಲು ತಿಳಿಯಬೇಕಾದದ್ದು, ಕಾನೂನು ಅವರ ಪಕ್ಷದಲ್ಲಿದೆ ಎಂಬುದನ್ನು. ಅತ್ಯಂತ ಅಗ್ಗದ ಮದ್ಯಕ್ಕಿಂತ ದುಬಾರಿಯಲ್ಲದ, ಮದ್ಯರಹಿತವಾದ ಒಂದು ಪಾನೀಯವನ್ನಾದರೂ ಪಾನಗೃಹ ಇರಿಸಲೇಬೇಕು ಎಂಬುದು ಜರ್ಮನಿಯ ಪಾನಗೃಹ ಕಾಯಿದೆಯ 6ನೆಯ ಕಲಮು. ಸೇಬಿನ ರಸಕ್ಕೆ ಸೋಡಾ ಬೆರೆಸಿದ ‘ಅಪ್ಫೆಲ್‌ಶೋರ್ಲೆ’ ಎಲ್ಲೆಡೆ ಸಿಗುತ್ತದೆ. ‘ಆಲ್ಕೊಹಾಲ್‌ಫ್ರೈ’ ಎಂದು ಬರೆದ ಬಿಯರ್‌ನಲ್ಲಿ ಶೇ. 0.5ರವರೆಗೆ ಮದ್ಯಸಾರ ಇರಬಹುದು; ಧರ್ಮ, ವ್ರತ ಅಥವಾ ಚಿಕಿತ್ಸೆಯ ಕಾರಣದಿಂದ ಪೂರ್ಣ ವರ್ಜಿಸಿದವರು ‘0.0’ ಎಂದು ನಮೂದಿಸಿರುವುದನ್ನೇ ಕೇಳಬೇಕು. ಸಕ್ಕರೆ ಕಾಯಿಲೆಯವರು ಇವೆರಡರಲ್ಲಿಯೂ ಸಕ್ಕರೆಯ ಅಂಶವಿದೆ ಎಂಬುದನ್ನು ಗಮನಿಸಬೇಕು. ‘ನಾನು ಕುಡಿಯುವುದಿಲ್ಲ’ ಎಂದರೆ ಸಾಕು, ಕಾರಣ ವಿವರಿಸಬೇಕಾಗಿಲ್ಲ. ಜರ್ಮನರಲ್ಲಿಯೇ ಬಿಯರ್ ಸೇವನೆ ಇಳಿಯುತ್ತಿದೆ. 1970ರ ದಶಕದಲ್ಲಿ ವರ್ಷಕ್ಕೆ ತಲಾ 150 ಲೀಟರಿನ ಆಸುಪಾಸಿದ್ದದ್ದು ಈಗ 90 ಲೀಟರಿನ ಆಸುಪಾಸಿಗೆ ಬಂದಿದೆ.

ಕುಡಿಯುವವರು ಎಷ್ಟು ಗೀಟುಗಳೆಂಬುದನ್ನು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಳ್ಳಬೇಕು. ಮೇಜಿನಲ್ಲಿ ಕುಳಿತ ಮೇಲೆ ಅಲ್ಲ. ಲೋಟದಲ್ಲಿ ಕೊಂಚ ಉಳಿದಿರುವಾಗಲೇ ಬಿಲ್ಲೆಯನ್ನು ಮೇಲಿಟ್ಟುಬಿಟ್ಟರೆ ಕ್ಯೋಬೆಸ್ ಮತ್ತೆ ಸುಳಿಯುವುದಿಲ್ಲ, ನಿಮ್ಮ ಕೂರುವ ಹಕ್ಕೂ ಕಡಿಮೆಯಾಗುವುದಿಲ್ಲ. ಮೊದಲು ಊಟ ಮಾಡಬೇಕು. ಮಾತು ಕೇಳಿಸಬೇಕೆಂದಿದ್ದರೆ ಸಂಜೆ ಬೇಗ, ಜನ ಸೇರುವ ಮುನ್ನ ಹೋಗಿ, ಉದ್ದನೆಯ ಮೇಜಿನ ನಡುವೆ ಕೂರದೆ ಗೋಡೆಗೆ ಬೆನ್ನು ಕೊಟ್ಟು ಮೂಲೆಯಲ್ಲಿ ಕೂರಬೇಕು. ಹತ್ತು ಜನರ ಗುಂಪಿಗಿಂತ ಮೂವರ ಜೊತೆ ಹೋಗುವುದು ಮೇಲು. ತಿಂಗಳಿಗೊಮ್ಮೆ ಒಂದೇ ದಿನ, ಒಂದೇ ಮೇಜಿನಲ್ಲಿ ಸೇರುವ ‘ಷ್ಟಾಮ್‌ಟಿಶ್’ ಎಂಬ ಜರ್ಮನ್ ಪದ್ಧತಿಯನ್ನು ನಮ್ಮ ಕನ್ನಡ ಕೂಟಗಳೂ ಅಳವಡಿಸಿಕೊಳ್ಳಬಹುದು. ಅದಕ್ಕೆ ಮೇಜು ಮುಖ್ಯವೇ ಹೊರತು ಬಿಯರ್ ಅಲ್ಲ.

ಹದಿಹರೆಯದ ಮಕ್ಕಳಿರುವ ತಂದೆತಾಯಿಗಳು ಇಲ್ಲಿನ ನಿಯಮವನ್ನು ತಿಳಿದಿರಬೇಕು. ಬಿಯರ್, ವೈನ್‌ಗಳನ್ನು 16ನೆಯ ವಯಸ್ಸಿನಿಂದ ಕೊಳ್ಳಬಹುದು. ಬಟ್ಟಿ ಇಳಿಸಿದ ಮದ್ಯಕ್ಕೆ 18 ತುಂಬಿರಬೇಕು. ಕಾನೂನು ಒಪ್ಪಿದ್ದನ್ನೆಲ್ಲ ಬೆಳೆಯುತ್ತಿರುವ ಮಿದುಳು ಒಪ್ಪುವುದಿಲ್ಲ ಎಂಬುದನ್ನು ಗದರದೆ, ವಿವರಿಸಿ ಹೇಳಬೇಕು. ಹೆಣ್ಣುಮಕ್ಕಳು ತಮ್ಮ ಲೋಟವನ್ನು ಕಣ್ಣಳತೆಯಲ್ಲಿಯೇ ಇರಿಸಿಕೊಳ್ಳಬೇಕು. ಯಾರಾದರೂ ಪೀಡಿಸಿದಾಗ ಸಿಬ್ಬಂದಿಯ ಬಳಿ ‘ಲುಯೀಸಾ ಇದ್ದಾರೆಯೆ?’ ಎಂದು ಕೇಳಿದರೆ ಮರುಪ್ರಶ್ನೆಯಿಲ್ಲದೆ ನೆರವಾಗುವ ಏರ್ಪಾಡು 2016ರಲ್ಲಿ ಮ್ಯೂನ್‌ಸ್ಟರಿನಲ್ಲಿ ಆರಂಭವಾಗಿ ಅನೇಕ ಊರುಗಳಿಗೆ ಹಬ್ಬಿದೆ. ಅದರ ಭಿತ್ತಿಪತ್ರ ಸಾಮಾನ್ಯವಾಗಿ ಶೌಚಾಲಯದಲ್ಲಿರುತ್ತದೆ.

ಜೊತೆಗಿದ್ದವರು ಕುಡಿದು ಎಚ್ಚರಗೊಳ್ಳದಂತಾದರೆ ‘ಮಲಗಿ ಎದ್ದರೆ ಸರಿಹೋಗುತ್ತದೆ’ ಎಂದು ಬಿಟ್ಟುಹೋಗಬಾರದು. ವಾಂತಿ ಶ್ವಾಸನಾಳಕ್ಕೆ ನುಗ್ಗಿ ಜೀವ ಹೋಗಬಹುದು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಿರುವ ಭ್ರಮೆ ಹುಟ್ಟಿಸುತ್ತದೆ, ಒಳಗಿನ ಶಾಖ ಮಾತ್ರ ಸೋರಿಹೋಗುತ್ತಿರುತ್ತದೆ. ಚಳಿಗಾಲದ ಬೀದಿಯ ಬೆಂಚಿನಲ್ಲಿ ಇದು ಮಾರಕ. ಅವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, 112ಕ್ಕೆ ಕರೆ ಮಾಡಿ, ಸಹಾಯ ಬರುವ ತನಕ ಜೊತೆಗಿರಬೇಕು.

ವಾರದಲ್ಲಿ ಹಲವು ಸಂಜೆ ಹೋಗಲೇಬೇಕೆನಿಸುವವರು, ಹೋಗದ ದಿನ ಚಡಪಡಿಸುವವರು ತಮ್ಮ ಮನೆವೈದ್ಯರೊಡನೆ ಮನಬಿಚ್ಚಿ ಮಾತನಾಡಬೇಕು. ಜರ್ಮನಿಯಲ್ಲಿ ವೈದ್ಯರ ಮೌನ ಕಾನೂನಿನ ಕಟ್ಟಳೆ; ಉದ್ಯೋಗದಾತರಿಗಾಗಲಿ ಊರಿನವರಿಗಾಗಲಿ ಸುದ್ದಿ ಹೋಗುವುದಿಲ್ಲ. ‘ಜನ ಏನಂದುಕೊಂಡಾರು’ ಎಂಬ ಅಳುಕಿನಿಂದ ಚಿಕಿತ್ಸೆ ತಡವಾಗುವುದು ನಮ್ಮ ಸಮುದಾಯದ ದೊಡ್ಡ ತೊಂದರೆ.

ನಗರಮಧ್ಯದ ಪಾನಗೃಹವನ್ನು ಪಡಖಾನೆಯೆಂದು ಹಳಿಯುವುದೂ ಸಂಸ್ಕೃತಿಯೆಂದು ಹೊಗಳುವುದೂ ಸುಲಭ. ಎರಡರಿಂದಲೂ ಸಹೋದ್ಯೋಗಿಯ ಕರೆಗೆ ಉತ್ತರ ಸಿಗುವುದಿಲ್ಲ. ಅಲ್ಲಿ ಸಿಗುವ ಒಳ್ಳೆಯದು ಮೇಜಿನ ಸುತ್ತ ಇರುತ್ತದೆ, ಕೆಟ್ಟದ್ದರ ಬಹುಪಾಲು ಲೋಟದ ಒಳಗಿರುತ್ತದೆ. ಬಿಲ್ಲೆಯನ್ನು ಮೊದಲ ಲೋಟದ ಮೇಲೆಯೇ ಇಟ್ಟುಬಿಟ್ಟವರನ್ನು ಯಾವ ಬ್ರೌಹೌಸೂ ಮೇಜಿನಿಂದ ಎಬ್ಬಿಸುವುದಿಲ್ಲ.